ಬೇಟೆಗೆಂದು ಕಟ್ಟಿದ ಜೌಗಿಗೆ ಪೈಪಿನಲ್ಲಿ ನೀರು ಯಾಕೆ?

ಪ್ರಶ್ನೆ: ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ಪಕ್ಷಿಧಾಮಕ್ಕೆ ಹೋಗಿಬಂದೆವು. ಅಲ್ಲಿಗೆ ಪೈಪ್‌ಲೈನ್ ಹಾಕಿ ನೀರು ತರುತ್ತಾರಂತೆ. ರಾಷ್ಟ್ರೀಯ ಉದ್ಯಾನ ಅಂದಮೇಲೆ ಅದರ ಪಾಡಿಗೆ ಬಿಟ್ಟುಬಿಡಬಾರದೇ? ಮಳೆ ಬಂದರೆ ತುಂಬಲಿ, ಬಾರದಿದ್ದರೆ ಒಣಗಲಿ. ಪ್ರಕೃತಿ ಎಂದರೆ ಅದೇ ಅಲ್ಲವೇ?

ಉತ್ತರ: ಅದರ ಪಾಡಿಗೆ ಬಿಟ್ಟರೆ ಅದು ಉಳಿಯುವುದಿಲ್ಲ. ನೀವು ನೋಡಿಬಂದದ್ದು ತಾನಾಗಿ ಆದ ಕಾಡಲ್ಲ. ನಮ್ಮೂರ ಕೆರೆಗಳ ಹಾಗೆಯೇ ಏರಿ, ತೂಬು, ಕಾಲುವೆ ಎಲ್ಲ ಇರುವ, ಕಟ್ಟಿ ಬೆಳೆಸಿದ ಜಾಗ ಅದು. ನೀರುಗಂಟಿ ತೂಬು ಎತ್ತದಿದ್ದರೆ ಗದ್ದೆಗೆ ನೀರು ಹೇಗೆ ಹೋಗುವುದಿಲ್ಲವೋ, ಇಲ್ಲಿಯೂ ಹಾಗೆ.

ಮೊದಲು ಅಲ್ಲಿದ್ದದ್ದು ಒಂದು ತಗ್ಗು, ಅಷ್ಟೇ. 18ನೇ ಶತಮಾನದಲ್ಲಿ ಭರತಪುರದ ಜಾಟ್ ದೊರೆ ಸೂರಜ್‌ಮಲ್, ಗಂಭೀರ್ ಮತ್ತು ಬಾಣಗಂಗಾ ನದಿಗಳು ಸೇರುವ ಕಡೆ ಅಜಾನ್ ಬಂಡ್ ಎಂಬ ಏರಿ ಕಟ್ಟಿಸಿದ. ತಗ್ಗಿನಲ್ಲಿ ನೀರು ನಿಲ್ಲತೊಡಗಿತು, ಬಾತುಗಳು ಇಳಿದವು. 19ನೇ ಶತಮಾನದ ಕೊನೆಯ ಹೊತ್ತಿಗೆ ಅರಮನೆಯವರಿಗೆ ಇದನ್ನು ಬಾತುಬೇಟೆಯ ತಾಣ ಮಾಡುವ ಮನಸ್ಸಾಯಿತು. ಸಣ್ಣ ಸಣ್ಣ ಏರಿ ಹಾಕಿ ಜಾಗವನ್ನು ಪಾಲು ಮಾಡಿದರು, ತೂಬುಗಳನ್ನಿಟ್ಟರು, ಯಾವ ಪಾಲಿನಲ್ಲಿ ಎಷ್ಟು ನೀರು ನಿಲ್ಲಬೇಕು ಎಂಬುದು ಕೈಯಳತೆಗೆ ಬಂತು. ಇವತ್ತು ನಿಮ್ಮನ್ನು ಕೂರಿಸಿಕೊಂಡು ಸೈಕಲ್ ರಿಕ್ಷಾಗಳು ಸಾಗುವ ದಾರಿಗಳಲ್ಲಿ ಬಹಳಷ್ಟು ಆ ಏರಿಗಳೇ.

ನಡುವೆ ಇರುವ ಕೇವಲಾದೇವ ಶಿವನ ಗುಡಿಯ ಹತ್ತಿರ ಕಲ್ಲಿನ ಫಲಕಗಳನ್ನು ನೋಡಿರಬೇಕು. ಯಾವ ದಿನ, ಯಾವ ವೈಸರಾಯ್, ಎಷ್ಟು ಹಕ್ಕಿ ಎಂದು ಸಾಲಾಗಿ ಕೆತ್ತಿದ್ದಾರೆ. 1938ರ ನವೆಂಬರ್ 12ರಂದು, ಲಾರ್ಡ್ ಲಿನ್‌ಲಿತ್‌ಗೊ ಬಂದಿದ್ದ ದಿನ, 4,273 ಹಕ್ಕಿಗಳು. ಒಂದೇ ದಿನದ ಲೆಕ್ಕ ಇದು. ಆ ಕಲ್ಲನ್ನು ತೆಗೆಯದೆ ಅಲ್ಲೇ ಉಳಿಸಿದ್ದು ಒಳ್ಳೆಯದಾಯಿತು ಎಂದೇ ನನಗೆ ಅನಿಸುತ್ತದೆ. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಆಗಲಿ.

ಸ್ವಾತಂತ್ರ್ಯ ಬಂದಾಗ ಜೌಗನ್ನು ಬಸಿದು ಹೊಲ ಮಾಡಬೇಕೆಂಬ ಒತ್ತಾಯ ಬಂತು. ಅದನ್ನು ತಡೆಯಲು ಹೋರಾಡಿದವರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮುಖ್ಯರು. 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮವಾಗಲು ಕಾರಣರಾದವರೂ ಅವರೇ. ರಂಗನತಿಟ್ಟಿನ ನಡುಗಡ್ಡೆಗಳಾದರೂ ತಾವಾಗಿ ಆದವೇ? 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ್ ಕಾವೇರಿಗೆ ಕಟ್ಟೆ ಹಾಕಿಸಿದ್ದರಿಂದ ಆದವು. ಮನುಷ್ಯ ಕಟ್ಟಿದ್ದು ಅಂದಮಾತ್ರಕ್ಕೆ ಹಕ್ಕಿಗೆ ಅದು ಸುಳ್ಳಾಗುವುದಿಲ್ಲ.

ಭರತಪುರ 1981ರಲ್ಲಿ ಜಗತ್ತಿನ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು, 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಅಲ್ಲಿಗೆ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ನೀವು ಕೇಳಿದ 'ಅದರ ಪಾಡಿಗೆ ಬಿಡುವ' ಪ್ರಯೋಗ ನಡೆದದ್ದು ಆಗಲೇ. ಸುತ್ತಲ ಹಳ್ಳಿಗಳ ಎಮ್ಮೆಗಳು ತಲೆತಲಾಂತರದಿಂದ ಆ ಜೌಗಿನಲ್ಲಿ ಮೇಯುತ್ತಿದ್ದವು. 1982ರ ಕೊನೆಗೆ ಅದನ್ನು ನಿಲ್ಲಿಸಿದರು. ಗಲಾಟೆಯಾಯಿತು, ಗೋಲಿಬಾರ್ ನಡೆದು ಹಳ್ಳಿಯವರು ಸತ್ತರು. ಆಮೇಲೆ ಏನಾಯಿತು? ಎಮ್ಮೆ ತಿನ್ನುತ್ತಿದ್ದ ನೀರುಹುಲ್ಲು ತಡೆಯಿಲ್ಲದೆ ಹಬ್ಬಿ, ಹಕ್ಕಿಗಳು ಈಜುತ್ತಿದ್ದ ತೆರೆದ ನೀರನ್ನೇ ಮುಚ್ಚಿಬಿಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1980ರಿಂದ ಹತ್ತು ವರ್ಷ ನಡೆಸಿದ ಅಧ್ಯಯನ, ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದ್ದರಿಂದ ಜೌಗಿಗೆ ಕೆಡುಕಾಗಿದೆ ಎಂದಿತು. ಹಕ್ಕಿಗೆ ಶತ್ರು ಅಂದುಕೊಂಡಿದ್ದ ಎಮ್ಮೆ ಅಷ್ಟು ದಿನ ಕೂಲಿಯಿಲ್ಲದೆ ಕಳೆ ಕೀಳುತ್ತಿತ್ತು. ಆ ಸಾವುಗಳ ಜೊತೆ ಇಟ್ಟು ನೋಡಿದರೆ ಈ ಮಾತು ಇನ್ನೂ ಭಾರವಾಗುತ್ತದೆ.

ಇನ್ನು ನೀರಿನ ಸಂಗತಿ. ಗಂಭೀರ್ ನದಿಗೆ ಮೇಲ್ಗಡೆ, ಕರೌಲಿ ಜಿಲ್ಲೆಯಲ್ಲಿ, ಪಾಂಚನಾ ಅಣೆಕಟ್ಟು ಬಂತು. ಅಲ್ಲಿನ ರೈತರಿಗೂ ನೀರು ಬೇಕು, ಅವರನ್ನು ದೂರುವಂತಿಲ್ಲ. ಆದರೆ ಅಜಾನ್ ಬಂಡ್‌ಗೆ ಹರಿವು ಸೊರಗಿತು. ಸುಮಾರು 29 ಚದರ ಕಿಲೋಮೀಟರಿನ ಈ ಉದ್ಯಾನಕ್ಕೆ ವರ್ಷಕ್ಕೆ 550 ಎಂಸಿಎಫ್‌ಟಿಯಷ್ಟು (ದಶಲಕ್ಷ ಘನ ಅಡಿ), ಅಂದರೆ ಅರ್ಧ ಟಿಎಂಸಿಗಿಂತ ತುಸು ಹೆಚ್ಚು ನೀರು ಬೇಕು. ನೀರಿಲ್ಲದ ವರ್ಷಗಳಲ್ಲಿ ಕೆರೆಯಂಗಳಕ್ಕೆ ನಮ್ಮ ಬಳ್ಳಾರಿ ಜಾಲಿಯೇ ನುಗ್ಗಿತು. ಅದನ್ನು ಬುಡಸಮೇತ ಕಿತ್ತವರು ಸುತ್ತಲಿನ ಹಳ್ಳಿಗರು. ಕಿತ್ತ ಸೌದೆ ಅವರದೇ. ಹಿಂದೆ ಜಗಳವಾದ ಜಾಗದಲ್ಲಿ ಇಷ್ಟರಮಟ್ಟಿಗೆ ಹೊಂದಾಣಿಕೆಯಾದದ್ದು ದೊಡ್ಡ ಸಂಗತಿ. ನೀರಿಗಾಗಿ ಗೋವರ್ಧನ ಕಾಲುವೆಯ ಪ್ರವಾಹದ ನೀರನ್ನು ಎತ್ತಿ ಪೈಪಿನಲ್ಲಿ ತರುವ ವ್ಯವಸ್ಥೆಯಾಯಿತು, ಚಂಬಲ್ ಕುಡಿಯುವ ನೀರಿನ ಯೋಜನೆಯಿಂದಲೂ ಒಂದು ಪಾಲು ಬಂತು.

ಹಾಗಾದರೆ ಪೈಪಿನಿಂದ ಎಲ್ಲ ಸರಿಹೋಯಿತೇ? ಇಲ್ಲ. ನದಿಯ ನೀರು ಬರಿಗೈಯಲ್ಲಿ ಬರುವುದಿಲ್ಲ. ಮುಂಗಾರಿನಲ್ಲಿ ಅಜಾನ್ ಬಂಡ್‌ನ ತೂಬು ಎತ್ತಿದಾಗ ಕೆನ್ನೀರಿನ ಜೊತೆ ಲೆಕ್ಕವಿಲ್ಲದಷ್ಟು ಮೀನುಮರಿಗಳೂ ಒಳಗೆ ಬರುತ್ತವೆ. ನೀರಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಆ ಮೀನನ್ನು ನಂಬಿ. ಕೊಕ್ಕರೆ ಬೆಳ್ಳೂರಿನಲ್ಲಿ ಊರ ನಡುವಿನ ಮರಗಳ ಮೇಲೆ ಗೂಡು ಕಟ್ಟುತ್ತದಲ್ಲ, ಅದೇ ಹಕ್ಕಿ. ಚಂಬಲ್‌ನಿಂದ ಪೈಪಿನಲ್ಲಿ ಬರುವ ನೀರು ತಿಳಿಯಾಗಿರುತ್ತದೆ, ಅದರಲ್ಲಿ ಮರಿಗಳ ಬಾಯಿಗೆ ಹಾಕಲು ಏನೂ ಇರುವುದಿಲ್ಲ. ಅದಕ್ಕೇ ಪೈಪ್ ಬಂದ ಮೇಲೂ ಅಜಾನ್ ಬಂಡ್‌ಗೆ ಗಂಭೀರ್ ನದಿಯ ನೀರು ಬಿಡಿ ಎಂಬ ಬೇಡಿಕೆ ನಿಂತಿಲ್ಲ.