ಬಿಸಿಲಿಗೂ ಬಾಡದಂಥ ಕಾಣದ ಬೆಳಕು

"ಅದೇ ಭತ್ತ, ಅದೇ ಮಷಿನ್ ಸರ್. ಮುಂಜಾನಿ ಹದಿನಾಲ್ಕು ಅಂತದ, ಮಧ್ಯಾಹ್ನ ಹದಿನೈದೂವರಿ ಅಂತದ. ಯಾವ್ದು ನಂಬ್ಬೇಕ್ರಿ?"

ಕಾರಟಗಿ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಏಪ್ರಿಲ್ ತಿಂಗಳಲ್ಲಿ ನನಗೆ ಎದುರಾದ ಪ್ರಶ್ನೆ ಇದು. ತೇವಾಂಶದಲ್ಲಿ ಶೇ 1.5ರ ವ್ಯತ್ಯಾಸವೆಂದರೆ ರೈತನಿಗೂ ಗಿರಣಿಗೂ ದುಡ್ಡಿನ ಮಾತು. ತಗಡಿನ ಶೆಡ್ಡಿನಲ್ಲಿದ್ದ, ತೇವ ಅಳೆಯುವ ಆ ಯಂತ್ರದ ಮುಚ್ಚಳ ತೆಗೆದೆ. ಒಳಗಿದ್ದದ್ದು ಹ್ಯಾಲೊಜೆನ್ ಬಲ್ಬ್. ಗಾಜಿನ ಒಳಮೈ ಮಬ್ಬಾಗಿತ್ತು, ಹೋಲ್ಡರ್ ಮುಟ್ಟಿದರೆ ಕೈ ಸುಡುತ್ತಿತ್ತು.

ಮಾರುಕಟ್ಟೆಯಲ್ಲಿ ಕೈಯಲ್ಲಿ ಹಿಡಿಯುವ ಮಾಪಕಗಳು ಸಾಮಾನ್ಯವಾಗಿ ವಿದ್ಯುತ್ ಗುಣ ನೋಡಿ ತೇವ ಹೇಳುತ್ತವೆ. ಇದು ಹಾಗಲ್ಲ, ಕಾಳಿನೊಳಗೆ ಅವಕೆಂಪು (ಇನ್‌ಫ್ರಾರೆಡ್, ಕೆಂಪಿನಾಚೆಯ ಕಣ್ಣಿಗೆ ಕಾಣದ) ಬೆಳಕು ಹಾಯಿಸಿ, ಎಷ್ಟು ಹೀರಿಕೊಂಡಿತು ಎಂದು ಲೆಕ್ಕ ಹಾಕುವಂಥದ್ದು. ಬೆಳಕಿನ ಬಗೆಯನ್ನು ಅದರ ತರಂಗದ ಉದ್ದದಿಂದ, ನ್ಯಾನೊಮೀಟರಿನಲ್ಲಿ ಹೇಳುತ್ತೇವೆ. ನೀರು 970 ನ್ಯಾನೊಮೀಟರ್ ಆಸುಪಾಸಿನಲ್ಲಿ ಹೀರುತ್ತದೆ. ಪ್ರೋಟೀನು, ಎಣ್ಣೆ, ಪಿಷ್ಟಕ್ಕೆ ಅವುಗಳದೇ ಜಾಗಗಳಿವೆ. ಹಾಗಾಗಿ ಅಗಲವಾದ ಪಟ್ಟಿಯ ಬೆಳಕು ಬೇಕು. ಟಿವಿ ರಿಮೋಟಿನಲ್ಲಿರುವಂಥ ಅವಕೆಂಪು ಎಲ್‌ಇಡಿ ಕೊಡುವುದು ಹತ್ತಾರು ನ್ಯಾನೊಮೀಟರಿನ ಕಿರಿದಾದ ಪಟ್ಟಿ. ಹ್ಯಾಲೊಜೆನ್ ಅಗಲವನ್ನೇನೋ ಕೊಡುತ್ತದೆ, ಜೊತೆಗೆ ಕಾವನ್ನೂ ಕೊಡುತ್ತದೆ. ದಿನ ಕಳೆದಂತೆ ಅದರ ಬೆಳಕೂ ಬದಲಾಗುತ್ತದೆ.

ನಮ್ಮ ಪ್ರಯೋಗಾಲಯದ ಕೆಲಸ ಇಲ್ಲಿ ಶುರುವಾಗುತ್ತದೆ. ನೀಲಿ ಎಲ್‌ಇಡಿಯ ಮೇಲೆ ಒಂದು ಪುಡಿ ಲೇಪಿಸುತ್ತೇವೆ. ಅದು ನೀಲಿಯನ್ನು ನುಂಗಿ ಕಣ್ಣಿಗೆ ಕಾಣದ ಅಗಲ ಬೆಳಕನ್ನು ಹೊರಬಿಡುತ್ತದೆ. ಈ ಪುಡಿಗೇ ಫಾಸ್ಫರ್ ಎನ್ನುವುದು. ರಂಜಕಕ್ಕೂ ಇದಕ್ಕೂ ಹೆಸರಿನ ನಂಟಷ್ಟೇ. ಮನೆಯ ಬಿಳಿ ಎಲ್‌ಇಡಿಯೊಳಗಿನ ಹಳದಿ ಪುಡಿಯೂ ಇದೇ ಜಾತಿಯದು.

ಅವಕೆಂಪಿಗೆ ನಾವು ಹೆಚ್ಚಾಗಿ ನೆಚ್ಚುವುದು ಕ್ರೋಮಿಯಂ ಅಯಾನನ್ನು, ಅಂದರೆ ಮೂರು ಧನಾವೇಶ ಹೊತ್ತ ಕ್ರೋಮಿಯಂ ಪರಮಾಣುವನ್ನು. ಅದು ಹರಳಿನಲ್ಲಿ ಆರು ಆಮ್ಲಜನಕಗಳ ನಡುವೆ ಕೂರುತ್ತದೆ. ಆ ಜಾಗ ಇಕ್ಕಟ್ಟೋ ಸಡಿಲವೋ ಎಂಬುದರ ಮೇಲೆ ಬೆಳಕು ನಿಂತಿದೆ. ಮಾಣಿಕ್ಯದಲ್ಲಿ ಕ್ರೋಮಿಯಂ ಕೂರುವುದು ತನಗಿಂತ ಚಿಕ್ಕದಾದ ಅಲ್ಯೂಮಿನಿಯಂ ಜಾಗದಲ್ಲಿ. ಇಕ್ಕಟ್ಟಿಗೆ ಸಿಕ್ಕು 694 ನ್ಯಾನೊಮೀಟರಿನಲ್ಲಿ ಚೂಪಾದ ಕೆಂಪು ಗೆರೆ ಬರುತ್ತದೆ. 1960ರಲ್ಲಿ ಥಿಯೋಡೋರ್ ಮೈಮನ್ ಮೊದಲ ಲೇಸರ್ ಹೊರಡಿಸಿದ್ದು ಇದರಿಂದಲೇ. ಅಲ್ಯೂಮಿನಿಯಂ ತೆಗೆದು ಗ್ಯಾಲಿಯಂ ಅಥವಾ ಇನ್ನೂ ದೊಡ್ಡದಾದ ಸ್ಕ್ಯಾಂಡಿಯಂ ಇರುವ ಹರಳು ಆರಿಸಿದರೆ ಜಾಗ ಸಡಿಲವಾಗುತ್ತದೆ. ಆಗ ಗೆರೆ ಹರಡಿ 700ರಿಂದ 1000ದವರೆಗಿನ ಪಟ್ಟಿಯಾಗಬಲ್ಲದು. 1200ರ ಆಚೆ ಬೇಕೆಂದರೆ ನಿಕ್ಕಲ್‌ನಂಥ ಬೇರೆ ಅಯಾನುಗಳ ಕಡೆ ಹೋಗಬೇಕು.

ಪುಡಿ ಮಾಡುವುದು ಅಡುಗೆಯಷ್ಟೇ ನಾಜೂಕು. ಆಕ್ಸೈಡುಗಳನ್ನು ಅಗೇಟ್ ಕಲ್ಲಿನ ಖಲ್ಲಿನಲ್ಲಿ ಅರೆದು, ಅಲ್ಯೂಮಿನಾ ಮೂಸೆಯಲ್ಲಿಟ್ಟು, 1300 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಸುಡುತ್ತೇವೆ. ಒಮ್ಮೆ ಕ್ಯಾಲ್ಸಿಯಂ ಇದ್ದ ಮಿಶ್ರಣವನ್ನು ಬರೀ ಗಾಳಿಯಲ್ಲಿ ಸುಟ್ಟಿದ್ದೆ. ಮೂಸೆ ತೆರೆದರೆ ತಿಳಿ ಹಸಿರು ಪುಡಿಯ ಬದಲು ಅಂಚಿಗೆಲ್ಲ ನಿಂಬೆಹಣ್ಣಿನ ಹಳದಿ ಹತ್ತಿತ್ತು. ಕ್ರೋಮಿಯಂ ಆರು ಧನಾವೇಶಕ್ಕೆ ಏರಿ ಕ್ರೋಮೇಟ್ ಆಗಿತ್ತು. ಅದು ನೀಲಿಯನ್ನು ನುಂಗುತ್ತದೆ, ಬೆಳಕನ್ನು ಕೊಡುವುದಿಲ್ಲ, ಮೇಲಾಗಿ ವಿಷ. ಆವತ್ತಿನಿಂದ ಅಂಥ ಮಿಶ್ರಣ ಸುಡುವಾಗ ಹೈಡ್ರೊಜನ್ ಬೆರೆಸಿದ ಅನಿಲ ಹಾಯಿಸುವುದನ್ನು ತಪ್ಪಿಸಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಬಿಸಿ. ಫಾಸ್ಫರ್ 450 ನ್ಯಾನೊಮೀಟರಿನ ನೀಲಿ ಬೆಳಕಿನ ಒಂದು ಕಣ (ಫೋಟಾನ್) ನುಂಗಿ 800ರ ಬೆಳಕಿನ ಒಂದು ಕಣ ಬಿಟ್ಟರೆ, ಒಂದು ಕಣವೂ ಪೋಲಾಗದಿದ್ದರೂ ಶಕ್ತಿಯಲ್ಲಿ ಬೆಳಕಾಗಿ ಉಳಿಯುವುದು ಶೇ 56. ಉಳಿದ ಶೇ 44 ಆ ಪುಡಿಯಲ್ಲೇ ಕಾವಾಗುತ್ತದೆ. ಕಾವೇರಿದಷ್ಟೂ ಬೆಳಕು ಕುಗ್ಗುತ್ತದೆ, ಅದರಲ್ಲೂ ಸಡಿಲ ಜಾಗದ ಹರಳುಗಳಲ್ಲಿ ಈ ಕಾಟ ಜಾಸ್ತಿ. ಅಗಲ ಬೇಕೆಂದು ಸಡಿಲಿಸಿದರೆ ತಾಳಿಕೆ ಹೋಗುತ್ತದೆ. ತಾಳಿಕೆ ಬೇಕೆಂದು ಬಿಗಿದರೆ ಅಗಲ ಹೋಗುತ್ತದೆ. ಹೊಸ ಫಾಸ್ಫರ್ ಬಂತೆಂದರೆ ನಾನು ಮೊದಲು ಕೇಳುವುದು, 150 ಡಿಗ್ರಿಯಲ್ಲಿ ಎಷ್ಟು ಪಾಲು ಬೆಳಕು ಉಳಿಯಿತು ಎಂದು. ತಂಪು ಕೋಣೆಯಲ್ಲಿ ಅಳೆದ ಅಂಕಿ ರಾಯಚೂರಿನ ಮೇ ತಿಂಗಳಿಗೆ ಸಾಲದು. ಹೊರಗೇ 40 ಡಿಗ್ರಿ ದಾಟಿರುವಾಗ ಎಲ್‌ಇಡಿ ತನ್ನ ಕಾವನ್ನು ಎಲ್ಲಿಗೆ ಬಿಡಬೇಕು?

ಗಿರಣಿಯವರು ಇಂಥ ಯಂತ್ರ ಕೊಳ್ಳುವಾಗ, ದೀಪ ಹ್ಯಾಲೊಜೆನ್ ಇರಲಿ ಫಾಸ್ಫರ್ ಇರಲಿ, ಒಂದು ಪರೀಕ್ಷೆ ಮಾಡಿ. ಒಂದೇ ರಾಶಿಯ ಭತ್ತವನ್ನು ಬಿಗಿ ಮುಚ್ಚಳದ ಎರಡು ಬಾಟಲಿಗೆ ತುಂಬಿ ಒಂದೇ ಕಡೆ ಇಡಿ, ಇಲ್ಲವಾದರೆ ಭತ್ತವೇ ಒಣಗಿ ಲೆಕ್ಕ ಕೆಡುತ್ತದೆ. ಒಂದನ್ನು ಬೆಳಿಗ್ಗೆ 7ಕ್ಕೆ, ಇನ್ನೊಂದನ್ನು ಮಧ್ಯಾಹ್ನ 3ಕ್ಕೆ ಅಳೆಯಿರಿ, ಅದೂ ನಿಮ್ಮದೇ ಶೆಡ್ಡಿನಲ್ಲಿ, ಮಾರುವವರ ಎದುರಿನಲ್ಲಿ.