ಜಾಲಿ ಕೂಡ್ರಿಸಿದಿರಿ, ಕುಂಟೆ ಯಾರ ಕೈಯಾಗೈತಿ?

ರೋಹಿಣಿ ಮಳೆ ಸಮೀಪಿಸಿತೆಂದರೆ ಕೊಪ್ಪಳ, ರಾಯಚೂರು ಕಡೆಯ ಊರುಗಳಿಂದ ಒಂದೇ ನಮೂನೆಯ ಫೋನು ಬರುತ್ತದೆ. "ಸರ, ಹಳ್ಳ ಹೊಳಿಗೆ ಕೂಡೋ ಕಡೆ ಒಂದು ಕಬ್ಬಿಣದ ಜಾಲಿ ಕೂಡ್ರಿಸಬೇಕಂತ ಮಾಡೀವ್ರಿ. ಪ್ಲಾಸ್ಟಿಕ್ ಪೂರಾ ಅಲ್ಲೇ ನಿಂದರಬೇಕು. ಎಸ್ಟಿಮೇಟ್ ಎಷ್ಟಾಗ್ತೈತ್ರಿ?" ಜುಲೈ ಹೊತ್ತಿಗೆ ಅದೇ ನಂಬರಿನಿಂದ ಎರಡನೆಯ ಫೋನು: "ಜಾಲಿ ಕಟಗೊಂಡು ನೀರು ಓಣಿಯೊಳಗ ನುಗ್ಗಿತ್ರಿ. ಮಂದಿ ರಾತ್ರಿ ಗ್ಯಾಸ್ ಕಟರ್ ತಂದು ಕೊಯ್ದಾರ."

ಕೊಯ್ದವರದು ತಪ್ಪೆಂದು ಹೇಳಲು ಬಾಯಿ ಬರುವುದಿಲ್ಲ. ಮನೆಯೊಳಗೆ ಮೊಣಕಾಲುಮಟ್ಟ ಗಟಾರದ ನೀರು ಬಂದವರಿಗೆ ತುಂಗಭದ್ರೆಯ ಆರೋಗ್ಯದ ಚಿಂತೆ ಮಾಡಿರೆಂದು ಹೇಳುವುದು ಸರಿಯಲ್ಲ.

ಹೊಳೆಯ ಪ್ಲಾಸ್ಟಿಕ್ಕನ್ನು ಹೊಳೆಯಲ್ಲೇ ಹಿಡಿಯಬಹುದಲ್ಲ, ದೋಣಿ ಇಲ್ಲವೇ ತೇಲುವ ತಡೆ ಹಾಕಬಹುದಲ್ಲ ಎಂದು ಕೇಳುವವರೂ ಇದ್ದಾರೆ. ತೇಲುವ ತಡೆ ತೇಲುವುದನ್ನಷ್ಟೇ ಹಿಡಿಯುತ್ತದೆ. ನೀರಿನ ಸಾಂದ್ರತೆ 1 ಎಂದರೆ ಕೈಚೀಲದ ಪಾಲಿಥೀನಿನದು 0.91ರಿಂದ 0.96, ಅಕ್ಕಿ ಚೀಲದ ಪಾಲಿಪ್ರೊಪಿಲೀನಿನದು ಸುಮಾರು 0.90. ಎರಡೂ ನೀರಿಗಿಂತ ಹಗುರ, ತೇಲುತ್ತವೆ. ನೀರಿನ ಬಾಟಲಿಯ ಪಿಇಟಿ 1.38. ಮುಚ್ಚಳ ಬಿಗಿಯಾಗಿದ್ದರೆ ಬಾಟಲಿ ತೇಲುತ್ತದೆ, ಮುಚ್ಚಳವಿಲ್ಲದಿದ್ದರೆ ನೀರು ತುಂಬಿಕೊಂಡು ತಳ ಸೇರುತ್ತದೆ. ಗುಟ್ಕಾ, ಶಾಂಪೂ ಚೀಟಿಗಳು ಒಳಗೆ ಕೆಸರು ಹಿಡಿದುಕೊಂಡು ನೀರಿನ ನಡುಮಟ್ಟದಲ್ಲೋ ತಳದಲ್ಲೋ ಸಾಗುತ್ತವೆ. ಹುಲಿಗಿಯಲ್ಲಿ ಹುಣ್ಣಿಮೆಯ ಸ್ನಾನ ಮುಗಿಸಿದವರು ಬಿಟ್ಟುಹೋಗುವ ಬಟ್ಟೆ ಒಂದು ತಾಸಿನಲ್ಲಿ ಮುಳುಗಿ ಕಲ್ಲಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಯಾವ ತಡೆಯೂ ಹಿಡಿಯದು, ದಂಡೆಯ ಮೇಲೇ ಹಿಡಿಯಬೇಕು. ಪುಣ್ಯಕ್ಷೇತ್ರಗಳ ನದಿ, ಕೆರೆಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ನಿಲ್ಲಿಸಬೇಕೆಂದು 2025ರ ಮಾರ್ಚ್‌ನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆ ಸೂಚಿಸಿದ್ದು ಈ ಲೆಕ್ಕದಲ್ಲಿ ಸರಿಯಾದದ್ದೇ. ಅಂಗಡಿಯಲ್ಲಿ ನಿಲ್ಲಿಸಿದ ಚೀಟಿಯನ್ನು ಹೊಳೆಯಲ್ಲಿ ಹುಡುಕುವ ಕೆಲಸವಿಲ್ಲ.

ದಂಡೆಯ ಕಸ ಕಣ್ಣಿಗೆ ಕಾಣುತ್ತದೆ, ಫೋಟೋಕ್ಕೂ ಸಿಗುತ್ತದೆ. ಆದರೆ ಊರಿನ ಕಸಕ್ಕೆ ದೊಡ್ಡ ದಾರಿ ಗಟಾರ, ನಾಲಾ, ಹಳ್ಳ. ಗಂಗಾವತಿಯ ದುರ್ಗಮ್ಮನ ಹಳ್ಳದ ಅಂಚಿನಲ್ಲಿ ಅರ್ಧ ತಾಸು ನಿಂತರೆ ಸಾಕು, ಬೇರೆ ಪುರಾವೆ ಬೇಕಾಗುವುದಿಲ್ಲ. ಆದ್ದರಿಂದ ಹಿಡಿಯುವುದಾದರೆ ಗಟಾರದಲ್ಲೇ ಹಿಡಿಯಬೇಕು. ಜಾಲಿ ಬೇಕೆನ್ನುವುದು ಸರಿ, ಆದರೆ ಅದನ್ನು ಕಿಟಕಿಯ ಸೊಳ್ಳೆ ಪರದೆಯಂತೆ ತಿಳಿದುಕೊಳ್ಳುವುದು ತಪ್ಪು. ಒಮ್ಮೆ ಹೊಡೆದು ಮರೆತುಬಿಡುವ ವಸ್ತು ಅದಲ್ಲ.

ಲೆಕ್ಕ ಹೀಗಿದೆ. ಗಟಾರ 1 ಮೀಟರ್ ಆಳ, ಅದರಲ್ಲಿ ನೀರು 60 ಸೆಂ.ಮೀ., ವೇಗ ಸೆಕೆಂಡಿಗೆ 0.5 ಮೀಟರ್ ಎಂದಿಟ್ಟುಕೊಳ್ಳಿ. ಸರಳುಗಳ ಸಂದಿ ಚೊಕ್ಕಟವಿದ್ದಾಗ ನೀರು 0.6 ಮೀಟರ್ ವೇಗದಲ್ಲಿ ದಾಟುತ್ತದೆ, ಹಿಂದೆ ಮಟ್ಟ ಏರುವುದು ಒಂದು ಸೆಂಟಿಮೀಟರಿನೊಳಗೆ. ಅರ್ಧ ಸಂದಿ ಕಟ್ಟಿತೆಂದರೆ ಅಷ್ಟೇ ನೀರು ಉಳಿದರ್ಧದಲ್ಲಿ ನುಗ್ಗಬೇಕು. ವೇಗ ಇಮ್ಮಡಿಯಾಗುತ್ತದೆ, ಹಿಂದಿನ ಏರಿಕೆ ಸುಮಾರು 9 ಸೆಂ.ಮೀ. ಆಗುತ್ತದೆ. ಮುಕ್ಕಾಲು ಕಟ್ಟಿದರೆ ವೇಗ 2.4 ಮೀಟರ್, ಏರಿಕೆ ಸುಮಾರು 40 ಸೆಂ.ಮೀ. ಅರವತ್ತಕ್ಕೆ ನಲವತ್ತು ಕೂಡಿಸಿದರೆ ನೂರು, ಗಟಾರ ಕಂಠಮಟ್ಟ. ನೀರು ಏರಿದಂತೆ ಹರಿಯುವ ಜಾಗವೂ ಹಿಗ್ಗುವುದರಿಂದ ನಿಜದಲ್ಲಿ ಏರಿಕೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ಇದು ಸಾದಾ ಹರಿವಿನ ಲೆಕ್ಕ. ಮಳೆಯಲ್ಲಿ ಅದೇ ಗಟಾರದಲ್ಲಿ ಬರುವ ನೀರು ಇದರ ಎಷ್ಟೋ ಪಟ್ಟು.

ಗಮನಿಸಬೇಕಾದದ್ದು ಒಂದು, ಮೂರು, ಐದು ಎಂದು ಏರದೆ ಒಂದು, ಒಂಬತ್ತು, ನಲವತ್ತು ಎಂದು ಏರುವ ಆ ನಡೆ. ಅರ್ಧ ಕಟ್ಟುವವರೆಗೆ ಯಾರ ಗಮನಕ್ಕೂ ಬಾರದ ಜಾಲಿ ಅಲ್ಲಿಂದ ಮುಂದೆ ನೋಡನೋಡುತ್ತ ಅಣೆಕಟ್ಟಾಗುತ್ತದೆ. "ನಿನ್ನೆ ನೋಡಿದಾಗ ಸರಿ ಇತ್ತಲ್ರಿ" ಎಂಬ ಮಾತು ಬರುವುದು ಇಲ್ಲಿಂದಲೇ. ನಿನ್ನೆ ಸರಿ ಇದ್ದದ್ದು ನಿಜ.

ಈಗ ಜಾಲಿ ಮಾಡಿಸುವ ವಿಷಯ. ವೆಲ್ಡ್ ಮೆಷ್ ಬೇಡ, ಚೈನ್‌ಲಿಂಕ್ ಬೇಡವೇ ಬೇಡ. ಚೌಕದ ಕಣ್ಣಿಗೆ ಬಟ್ಟೆಯ ಎಳೆ, ಕೂದಲು, ಹಾಲಿನ ಪ್ಯಾಕೆಟ್ಟು ಹೆಣೆದುಕೊಂಡರೆ ಬಿಡಿಸಲಾಗದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಓಣಿಗಳ ಗಟಾರವಾದರೆ ಕತ್ತರಿಸಿ ಬಿಟ್ಟ ಚಿಂದಿಯೊಂದೇ ಸಾಕು. 10 ಮಿ.ಮೀ. ದಪ್ಪ, 50 ಮಿ.ಮೀ. ಅಗಲದ ಕಬ್ಬಿಣದ ಪಟ್ಟಿಗಳನ್ನು ಮೇಲಿನಿಂದ ಕೆಳಕ್ಕೆ ಮಾತ್ರ ನಿಲ್ಲಿಸಿ. ಪಟ್ಟಿಯ ಕಿರಿದಾದ ಅಂಚು ನೀರಿಗೆ ಎದುರಾಗಿರಲಿ, ನಡುವೆ 50 ಮಿ.ಮೀ. ಸಂದಿ ಬಿಡಿ. ಅಡ್ಡಪಟ್ಟಿ ಹಿಂಬದಿಗಿರಬೇಕು. ಮುಂದೆ ಒಂದು ಅಡ್ಡಪಟ್ಟಿ ಬೆಸೆದರೂ ಕಸ ಎಳೆಯುವ ಹಲ್ಲಿನ ಕುಂಟೆ ಅಲ್ಲಿ ತಡೆದು ನಿಲ್ಲುತ್ತದೆ.

50 ಮಿ.ಮೀ. ಸಂದಿಯಲ್ಲಿ ಗುಟ್ಕಾ ಚೀಟಿ ಜಾರಿಹೋಗುವುದಿಲ್ಲವೇ ಎಂದರೆ, ಒಂಟಿಯಾಗಿ ಬಂದದ್ದು ಹೋಗುತ್ತದೆ, ಹೋಗಲಿ. ಚೀಟಿ ಹಿಡಿಯಲು ಸಂದಿಯನ್ನು 10 ಮಿ.ಮೀ.ಗೆ ಇಳಿಸಿದವರು ಎಲೆ, ಬೇರು, ಕೋಳಿ ಪುಕ್ಕವನ್ನೆಲ್ಲ ಹಿಡಿದು ಕೊನೆಗೆ ಊರ ನೀರನ್ನೂ ಹಿಡಿದು ನಿಲ್ಲಿಸುತ್ತಾರೆ.

ಜಾಲಿ ನೆಟ್ಟಗೆ ನಿಲ್ಲಬಾರದು, ನೀರು ಹೋಗುವ ದಿಕ್ಕಿಗೆ, ಗಟಾರದ ತಳದಿಂದ 45ರಿಂದ 60 ಡಿಗ್ರಿ ಕೋನದಲ್ಲಿ ಒರಗಿರಬೇಕು. 45ಕ್ಕೆ ಒರಗಿಸಿದರೆ ಅದೇ ಆಳಕ್ಕೆ ಪಟ್ಟಿಯ ಉದ್ದ 1.4 ಪಟ್ಟಾಗುತ್ತದೆ, ಕಸ ಹರಡಿಕೊಳ್ಳಲು ಜಾಗ ಸಿಗುತ್ತದೆ, ಕುಂಟೆಯಿಂದ ಎಳೆದದ್ದು ಜಾರದೆ ಮೇಲೆ ಬರುತ್ತದೆ. ಜಾಲಿ ಇರುವ ಕಡೆ ಗಟಾರವನ್ನು ಒಂದೂವರೆ ಪಟ್ಟಾದರೂ ಅಗಲಿಸಿ. ಎತ್ತರವನ್ನು ಗಟಾರದ ಆಳದ ಮೂರನೆಯ ಎರಡಕ್ಕೆ ನಿಲ್ಲಿಸಿ, ಮೇಲಿನ ಭಾಗ ಪೂರ್ತಿ ಬಯಲಾಗಿರಲಿ. ಇದನ್ನು ಒಪ್ಪಿಸುವುದೇ ದೊಡ್ಡ ಕಷ್ಟ. "ಮ್ಯಾಲಿಂದ ಕಸ ಹೊಕ್ಕೈತಲ್ರಿ?" ಎನ್ನುತ್ತಾರೆ. ಹೌದು, ದೊಡ್ಡ ಮಳೆಯ ಒಂದು ತಾಸು ಹೋಗುತ್ತದೆ. ಆ ಒಂದು ತಾಸನ್ನು ಬಿಟ್ಟುಕೊಟ್ಟರೆ ವರ್ಷದ ಉಳಿದ ದಿನ ಜಾಲಿ ಉಳಿಯುತ್ತದೆ, ಇಲ್ಲದಿದ್ದರೆ ಗ್ಯಾಸ್ ಕಟರ್ ಬರುತ್ತದೆ. ಜಾಲಿಯ ನೆತ್ತಿ ಹತ್ತಿರದ ಮನೆಯ ಹೊಸ್ತಿಲಿಗಿಂತ ಎಷ್ಟು ಕೆಳಗಿದೆ ಎಂಬುದನ್ನು ಲೆವೆಲ್ ಯಂತ್ರ ಇಟ್ಟೇ ನೋಡಬೇಕು, ಕಣ್ಣಂದಾಜು ಸಾಲದು.

ಹಳ್ಳ ಹೊಳೆ ಸೇರುವಲ್ಲಿ ಒಂದೇ ದೊಡ್ಡ ಜಾಲಿ ನಿಲ್ಲಿಸುವ ಆಸೆಯನ್ನೂ ಬಿಡಬೇಕು. ಸಂತೆ ಪೇಟೆ, ಬಸ್ ನಿಲ್ದಾಣ, ಕೋಳಿ ಅಂಗಡಿ ಸಾಲಿನ ಗಟಾರ ನಾಲಾಕ್ಕೆ ಬೀಳುವ ಕಡೆ ಮೊಳಗಲದ ಜಾಲಿಗಳು ಹತ್ತಿದ್ದರೆ ಒಬ್ಬರು ದಿನಕ್ಕೊಮ್ಮೆ ಸುತ್ತು ಹಾಕಿ ತೆಗೆಯಬಹುದು. ಹಳ್ಳದ ಬಾಯಲ್ಲಿ ತೆಗೆಯಲು ಜೆಸಿಬಿ ಬೇಕಾಗುತ್ತದೆ, ಜೆಸಿಬಿ ಬೇಕಾದ ದಿನ ಅದು ಇನ್ನೆಲ್ಲೋ ಇರುತ್ತದೆ.

ಹಾಗೆ ನೋಡಿದರೆ ನಮ್ಮ ಹಳ್ಳಗಳಲ್ಲಿ ಇನ್ನೊಂದು ಜಾಲಿ ತಾನೇ ಬೆಳೆದಿದೆ: ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಸಿಕ್ಕ ಕೈಚೀಲಗಳನ್ನು ನೋಡಿದರೆ ಯಾವ ಎಂಜಿನಿಯರಿಗೂ ಹೊಟ್ಟೆಕಿಚ್ಚಾಗಬೇಕು. ಆದರೆ ಅದೂ ಹೂಳು ಕಟ್ಟಿಸಿ ನೀರಿಗೆ ಅಡ್ಡ ನಿಲ್ಲುತ್ತದೆ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳು ಮುಂದೆ ನಿಂತು ಜನರನ್ನು ಸೇರಿಸಿ ಹಿರೇಹಳ್ಳವನ್ನು ಹಸನು ಮಾಡಿಸಿದ್ದು ಈ ಭಾಗದ ದೊಡ್ಡ ಕೆಲಸ. ಹಾಗೆ ಹಸನಾದ ಹಳ್ಳದಲ್ಲಿ ನೀರು ಸರಾಗ ಹರಿಯುತ್ತದೆ, ಅದರೊಂದಿಗೆ ಕಸವೂ ಸರಾಗ ಹರಿಯುತ್ತದೆ. ಹೂಳೆತ್ತಿದ ಕಡೆ ಗಟಾರದ ಜಾಲಿ ಹೆಚ್ಚು ಬೇಕು, ಕಡಿಮೆಯಲ್ಲ.

ಇನ್ನು ಹೊಣೆ ಯಾರದು ಎಂಬ ಪ್ರಶ್ನೆ. ಕಚೇರಿಯಲ್ಲಿ ಕೂತವರ ಉತ್ತರ "ಜನ ಸರಿಯಿಲ್ಲ", ಕಟ್ಟೆಯ ಮೇಲೆ ಕೂತವರದು "ಅಧಿಕಾರಿಗಳು ಸರಿಯಿಲ್ಲ". 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಇಷ್ಟು ಗೊಂದಲವಿಲ್ಲ. ಸಂಗ್ರಹ, ವಿಂಗಡಣೆ, ಸಾಗಣೆಯ ಹೊಣೆ 6ನೇ ನಿಯಮದಲ್ಲಿ ನಗರ ಸ್ಥಳೀಯ ಸಂಸ್ಥೆಗೆ, 7ನೆಯದರಲ್ಲಿ ಗ್ರಾಮ ಪಂಚಾಯಿತಿಗೆ. 8ನೆಯದು ಕಸ ಹುಟ್ಟಿಸುವವರಿಗೆ, 9ನೆಯದು ಪ್ಯಾಕೆಟ್ ತಯಾರಿಸುವ, ಆಮದು ಮಾಡುವ, ಅದರಲ್ಲಿ ಸರಕು ತುಂಬಿ ತಮ್ಮ ಹೆಸರಲ್ಲಿ ಮಾರುವ ಕಂಪನಿಗಳಿಗೆ. ಗುಟ್ಕಾ, ತಂಬಾಕು, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ತುಂಬಲೇಬಾರದೆಂದೂ ಅದೇ ನಿಯಮಗಳಲ್ಲಿದೆ. ಯಾವುದೇ ಜಾಲಿಯಿಂದ ಒಂದು ಬುಟ್ಟಿ ಕಸ ಎತ್ತಿ ನೋಡಿದರೆ ಆ ನಿಯಮದ ಗತಿ ತಿಳಿಯುತ್ತದೆ.

ಕಂಪನಿಗಳ ಹೊಣೆಯಲ್ಲಿ ಒಂದು ಸೂಕ್ಷ್ಮವಿದೆ. 2022ರ ಫೆಬ್ರವರಿಯ ಮಾರ್ಗಸೂಚಿಯಂತೆ 2023-24ರಿಂದ ಅವರು ಮಾರುಕಟ್ಟೆಗೆ ಬಿಟ್ಟಷ್ಟು ಪ್ಲಾಸ್ಟಿಕ್ಕಿಗೆ ನೂರಕ್ಕೆ ನೂರು ಲೆಕ್ಕ ತೋರಿಸಬೇಕು. ಆದರೆ ಲೆಕ್ಕವನ್ನು ಮರುಬಳಕೆ ಮಾಡುವವರಿಂದ ಪ್ರಮಾಣಪತ್ರ ಕೊಂಡು ತೋರಿಸಬಹುದು, ಆ ಪ್ಲಾಸ್ಟಿಕ್ ಇದೇ ಊರಿನದ್ದಾಗಿರಬೇಕೆಂದಿಲ್ಲ. ಕಾಗದದ ಮೇಲೆ ನೂರಕ್ಕೆ ನೂರು ಮುಗಿಸಿದ ಕಂಪನಿಯ ಪ್ಯಾಕೆಟ್ಟು ಸಿಂಧನೂರಿನ ನಾಲಾದಲ್ಲಿ ಒಂದೂ ಎತ್ತಲ್ಪಡದೆ ಬಿದ್ದಿರಲು ಸಾಧ್ಯ. ಕಂಪನಿ ಎತ್ತಿಸುತ್ತದೆಂದು ನಗರಸಭೆ ಕಾಯುವುದರಲ್ಲಿ ಅರ್ಥವಿಲ್ಲ.

ಅಂಗಡಿಯವರ ಪಾಠ ಬೇರೆ: "120 ಮೈಕ್ರಾನ್ ಐತ್ರಿ, ನಡೀತೈತಿ." ನಡೆಯುವುದಿಲ್ಲ. ಕೈಚೀಲದ ದಪ್ಪ 120 ಮೈಕ್ರಾನಿಗೆ ಕಡಿಮೆ ಇರಬಾರದೆಂಬುದು ಕೇಂದ್ರದ ಅಳತೆ, 2022ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಕರ್ನಾಟಕ 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ಪ್ಲಾಸ್ಟಿಕ್ ಕೈಚೀಲವನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿದೆ. ಹಾಲಿನ ಪ್ಯಾಕೆಟ್, ಸಸಿ ಚೀಲದಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ಜಾಲಿಯಿಂದ ತೆಗೆದ ಕಸವನ್ನು ಗಟಾರದ ದಂಡೆಯ ಮೇಲೆ ಗುಡ್ಡೆ ಹಾಕಿ ಹೋಗುವುದು ಎಲ್ಲ ಕಡೆ ಕಾಣುವ ಇನ್ನೊಂದು ಚಾಳಿ. ಮುಂದಿನ ಮಳೆಗೆ ಅದೇ ಕಸ ಅದೇ ಜಾಲಿಗೆ ಬರುತ್ತದೆ. ಜಾಲಿಯ ಮೇಲ್ಭಾಗದಲ್ಲಿ ತೂತಿರುವ ತಗಡಿನ ಅಟ್ಟ ಮಾಡಿ, ನೀರು ಗಟಾರಕ್ಕೇ ಸೋರಲಿ. ಅಲ್ಲಿಂದ ಕಸ ವಿಲೇವಾರಿ ಘಟಕಕ್ಕೆ ಸಾಗಿಸಿ ತೆಳುವಾಗಿ ಹರಡಿದರೆ ರಾಯಚೂರಿನ ಬಿಸಿಲು ಒಂದೇ ದಿನದಲ್ಲಿ ಒಣಗಿಸಿಕೊಡುತ್ತದೆ. ಬಿಸಿಲಿನಿಂದ ನಮಗಾಗುವ ಉಪಕಾರ ಇದೊಂದಾದರೂ ಇರಲಿ. ಒಣಗಿದ ಮೇಲೆ ಬಾಟಲಿ, ಹಾಲಿನ ಪ್ಯಾಕೆಟ್ಟು ಗುಜರಿಗೆ. ಪದರ ಪದರದ ಚಿಪ್ಸ್, ಗುಟ್ಕಾ ಚೀಟಿಗಳನ್ನು ಗುಜರಿಯವರು ಮುಟ್ಟುವುದಿಲ್ಲ. ಒತ್ತಿ ಕಟ್ಟಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಳಿಸುವ ದಾರಿಯಿದೆ, ಆದರೆ ಹಸಿ ಇದ್ದರೆ ಅಥವಾ ಪಿವಿಸಿ ಸೇರಿದ್ದರೆ ಅವರು ಲಾರಿಯನ್ನು ಹಿಂದಕ್ಕೆ ಕಳಿಸಬಹುದು. ಮೊದಲೇ ಮಾತಾಡಿಕೊಂಡು ಲೋಡ್ ಮಾಡಿಸಿ. ದಂಡೆಯಲ್ಲೇ ಬೆಂಕಿ ಇಡುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಒಂದು ಎಚ್ಚರಿಕೆಯ ಮಾತು: ಜಾಲಿಯಿಂದ ಹೊಳೆ ಶುದ್ಧವಾಗುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಕಲುಷಿತ ನದಿಗಳ ಪಟ್ಟಿಯಲ್ಲಿ ತುಂಗಭದ್ರೆಯೂ ಕೃಷ್ಣೆಯೂ ಇವೆ, ಆದರೆ ಆ ಪಟ್ಟಿ ಬಿಒಡಿ (ನೀರಿನೊಳಗಿನ ಸಾವಯವ ಕೊಳೆ ಕರಗಲು ಬೇಕಾಗುವ ಆಮ್ಲಜನಕ) ಅಳೆದು ಮಾಡಿದ್ದು. ಪ್ಲಾಸ್ಟಿಕ್ ಎಷ್ಟೆಂದು ಅದು ಎಣಿಸುವುದಿಲ್ಲ, ಕೊಳಚೆ ನೀರಿನ ಬಿಒಡಿಯನ್ನು ಜಾಲಿ ಇಳಿಸುವುದೂ ಇಲ್ಲ. ಅದಕ್ಕೆ ಶುದ್ಧೀಕರಣ ಘಟಕವೇ ಬೇಕು. ಎರಡನ್ನೂ ಒಂದೇ ಪ್ರಸ್ತಾವನೆಯಲ್ಲಿ ಬೆರೆಸಿ ಬರೆದು ತರಬೇಡಿ.

ಕಡೆಗೆ ಕುಂಟೆ. ಪೇಟೆಯಲ್ಲಿ ಸಿಗುವ ಕುಂಟೆ ನಿಮ್ಮ ಜಾಲಿಗೆ ಕೂಡುವುದಿಲ್ಲ. ಪಟ್ಟಿ 10, ಸಂದಿ 50 ಆದರೆ ಹಲ್ಲಿನಿಂದ ಹಲ್ಲಿಗೆ 60 ಮಿ.ಮೀ. ಇರಬೇಕು. ಜಾಲಿ ಬೆಸೆದವನ ಕೈಯಲ್ಲೇ, ಅದೇ ದಿನ, ಎರಡು ಕುಂಟೆ ಮಾಡಿಸಿ, ಹಿಡಿ ಎರಡೂವರೆ ಮೀಟರಿಗೆ ಕಡಿಮೆ ಬೇಡ. ಮೇಲೆ ನಿಂತೇ ಎಳೆಯಲು ಕಠಡಾ ಇರುವ ಕಟ್ಟೆ ಬೇಕು. ಪೌರಕಾರ್ಮಿಕರನ್ನು ಗಟಾರದೊಳಗೆ ಇಳಿಸಬೇಕಾದ ಜಾಲಿ ಕಟ್ಟಿದಿರೆಂದರೆ ಕಟ್ಟಿದ್ದೇ ತಪ್ಪು, ಒಡೆದು ಸರಿಮಾಡಿ.

ಉದ್ಘಾಟನೆಯ ಕಲ್ಲಿನ ಮೇಲೆ ಸಚಿವರಿಂದ ಹಿಡಿದು ಗುತ್ತಿಗೆದಾರರವರೆಗೆ ಹದಿನಾಲ್ಕು ಹೆಸರು ಕೆತ್ತಿಸುತ್ತಾರೆ, ಕುಂಟೆ ಹಿಡಿಯುವವರದು ಒಂದೂ ಇರುವುದಿಲ್ಲ. ಕಲ್ಲಿನಲ್ಲಿ ಬೇಡ, ಹಾಜರಿ ಪುಸ್ತಕದಲ್ಲಿ ಇರಲಿ: ಒಣದಿನಗಳಲ್ಲಿ ಬೆಳಗಿನ ಪಾಳಿ ಯಾರದು, ಮಳೆಗಾಲದಲ್ಲಿ ರಾತ್ರಿ ಪಾಳಿಯ ಇಬ್ಬರು ಯಾರು, ಅವರ ಮೇಲೆ ಯಾವ ಆರೋಗ್ಯ ನಿರೀಕ್ಷಕರು. ನಮ್ಮ ಕಡೆಯ ದೊಡ್ಡ ಮಳೆ ಹೆಚ್ಚಾಗಿ ಸಂಜೆ, ರಾತ್ರಿಯೇ ಸುರಿಯುತ್ತದೆ, ಬೆಳಗಿನ ಪಾಳಿಯವರು ಬರುವಷ್ಟರಲ್ಲಿ ಆಗುವುದೆಲ್ಲ ಆಗಿರುತ್ತದೆ. ರಾತ್ರಿ ಪಾಳಿಗೆ ಹಣ ಎಲ್ಲಿಂದ ಎಂಬುದು ತೀರ್ಮಾನವಾಗುವವರೆಗೆ ಜಾಲಿಯ ಟೆಂಡರು ಕರೆಯಬೇಡಿ.

ಕುಂಟೆಯೂ ಕಬ್ಬಿಣ, ಬಿಟ್ಟರೆ ಒಂದೇ ವಾರದಲ್ಲಿ ಗುಜರಿ ಸೇರುತ್ತದೆ. ಕಠಡಕ್ಕೆ ಸರಪಳಿ ಹಾಕಿ ಬೀಗ ಜಡಿಯಿರಿ. ಕೀ ಎರಡಿರಲಿ. ಒಂದು ಪಾಳಿಯವರ ಹತ್ತಿರ, ಇನ್ನೊಂದು ಜಾಲಿಗೆ ಎಲ್ಲಕ್ಕಿಂತ ಹತ್ತಿರದ ಮನೆಯಲ್ಲಿ. ಮಧ್ಯರಾತ್ರಿ ನೀರು ಏರಿದ್ದು ಮೊದಲು ತಿಳಿಯುವುದು ಆ ಮನೆಯವರಿಗೇ.