ಉಸಿರಿಗೆ ಇಬ್ಬರು ಯಜಮಾನರು

ಚಿತ್ರದುರ್ಗದ ಕೋಟೆಯಲ್ಲಿ ಗೈಡ್‌ಗಳು ಮಾತಾಡುತ್ತಲೇ ಮೆಟ್ಟಿಲು ಹತ್ತುತ್ತಾರೆ. ಓಬವ್ವನ ಕಿಂಡಿ, ಮದಕರಿ ನಾಯಕ, ಏಕನಾಥೇಶ್ವರಿ ಗುಡಿ, ಒಂದಾದ ಮೇಲೊಂದು ಕಥೆ. ಹಿಂದೆ ಬರುವವರು 'ಹೌದಾ' ಅನ್ನುವಷ್ಟರಲ್ಲೇ ಏದುಸಿರು ಬಿಡುತ್ತಾ ನಿಂತುಬಿಡುತ್ತಾರೆ. ಮಾತಾಡಬೇಕಾದರೆ ಉಸಿರನ್ನು ತಡೆದು ಸ್ವಲ್ಪ ಸ್ವಲ್ಪವೇ ಬಿಡಬೇಕು. ಆ ಅಪ್ಪಣೆ ಬರುವುದು ಮೆದುಳಿನ ಮೇಲ್ಭಾಗದ ಕಾರ್ಟೆಕ್ಸ್‌ನಿಂದ. ಹತ್ತುವಾಗ ರಕ್ತಕ್ಕೆ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಸೇರುತ್ತದೆ, ಅದನ್ನು ಬೇಗ ಹೊರಹಾಕು ಎನ್ನುವುದು ಮೆದುಳಿನ ಬುಡದಲ್ಲಿರುವ ಮೆದುಳುಕಾಂಡ. ಇಬ್ಬರಿಗೂ ಜಗಳ ಬಿದ್ದರೆ ಕೊನೆಗೆ ಗೆಲ್ಲುವುದು ಬುಡವೇ. ಅದಕ್ಕೇ ಎಷ್ಟೇ ಹಟ ಮಾಡಿ ಉಸಿರು ಬಿಗಿಹಿಡಿದರೂ ಸ್ವಲ್ಪ ಹೊತ್ತಿಗೆ ಬಿಡಲೇಬೇಕು.

ವಿಜ್ಞಾನಕ್ಕೆ ಮೊದಲು ಪರಿಚಯವಾದದ್ದು ಈ ಬುಡವೇ. ಎರಡನೇ ಶತಮಾನದ ವೈದ್ಯ ಗ್ಯಾಲೆನ್ ಪ್ರಾಣಿಗಳ ಬೆನ್ನುಹುರಿಯನ್ನು ಕುತ್ತಿಗೆಯ ಮೇಲ್ಗಡೆ ಕತ್ತರಿಸಿದರೆ ಉಸಿರು ನಿಲ್ಲುವುದನ್ನು ಕಂಡಿದ್ದ. ಫ್ರಾನ್ಸಿನ ಲೆಗಾಲ್ವಾ 1812ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇನ್ನೂ ಕ್ರೂರ. ಮೊಲದ ಮೆದುಳನ್ನು ಮೇಲಿನಿಂದ ಹೋಳು ಹೋಳಾಗಿ ತೆಗೆಯುತ್ತಾ ಬಂದ. ಉಸಿರು ನಡೆದೇ ಇತ್ತು. ಮೆದುಳುಕಾಂಡದ ಕೆಳತುದಿಯಾದ ಮೆಡುಲಾದ ಒಂದು ಸಣ್ಣ ಭಾಗಕ್ಕೆ ಕತ್ತಿ ತಗುಲಿದಾಗ ಮಾತ್ರ ನಿಂತಿತು. 1923ರಲ್ಲಿ ಲಮ್ಸ್‌ಡೆನ್ ಬೆಕ್ಕುಗಳ ಮೆದುಳುಕಾಂಡವನ್ನು ಬೇರೆ ಬೇರೆ ಮಟ್ಟದಲ್ಲಿ ಕತ್ತರಿಸಿ, ಉಸಿರಿನ ಲಯ ಹೇಗೆ ಬದಲಾಗುತ್ತದೆ ಎಂದು ನೋಡಿದ. 1991ರಲ್ಲಿ ಸ್ಮಿತ್, ಫೆಲ್ಡ್‌ಮನ್ ಮತ್ತು ಜೊತೆಗಾರರು ಆ ಲಯ ಹುಟ್ಟುವ ಜಾಗವನ್ನೇ ಗುರುತಿಸಿದರು. ಅದರ ಹೆಸರು ಪ್ರೀ-ಬಾಟ್ಜಿಂಗರ್ ಕಾಂಪ್ಲೆಕ್ಸ್. ಆಗತಾನೆ ಹುಟ್ಟಿದ ಇಲಿಯ ಮೆದುಳುಕಾಂಡದ ತೆಳು ತುಂಡೊಂದು ದೇಹದಿಂದ ಬೇರೆಯಾದ ಮೇಲೂ ಉಸಿರಿನ ತಾಳ ಹಾಕುತ್ತಲೇ ಇತ್ತು!

ಹಾಗಾದರೆ ಮೇಲ್ಭಾಗದ ಕಥೆ ಇಷ್ಟು ತಡವಾಗಿದ್ದೇಕೆ? ಪ್ರಯೋಗದ ವಿಧಾನವೇ ಅದಕ್ಕೆ ಅಡ್ಡ ಬಂತು ಅಂತ ನನಗನಿಸುತ್ತದೆ. ಪ್ರಾಣಿಗೆ ಅರಿವಳಿಕೆ ಕೊಡುತ್ತಿದ್ದರು, ಇಲ್ಲವೇ ಮೆದುಳಿನ ಮೇಲ್ಭಾಗವನ್ನು ತೆಗೆದೇ ಬಿಡುತ್ತಿದ್ದರು. ಬಾಯಿ ಕಟ್ಟಿಸಿಕೊಂಡವನು ಸಾಕ್ಷಿ ಹೇಳುವುದಾದರೂ ಹೇಗೆ?

ಸುಳಿವು ಮಾತ್ರ ಬೇಗನೇ ಸಿಕ್ಕಿತ್ತು. 1913ರಲ್ಲಿ ಡೆನ್ಮಾರ್ಕಿನ ಕ್ರೋಗ್ ಮತ್ತು ಲಿಂಡ್‌ಹಾರ್ಡ್ ಒಂದು ವಿಚಿತ್ರ ಗಮನಿಸಿದರು. ಸೈಕಲ್ ತುಳಿಯಲು ಶುರು ಮಾಡಿದ ಕೂಡಲೇ ಉಸಿರು ಏರುತ್ತದೆ. ಕಾಲಿನ ಸ್ನಾಯುಗಳ ರಾಸಾಯನಿಕಗಳು ರಕ್ತದಲ್ಲಿ ಹರಿದು ಮೆದುಳು ಮುಟ್ಟಲು ಅಷ್ಟು ಸಮಯವೇ ಇಲ್ಲ, ಅಲ್ವಾ? ಕಾಲಿಗೆ 'ನಡೆ' ಎಂದ ಮೆದುಳೇ ಉಸಿರಿಗೂ ಮುಂಚಿತವಾಗಿ ಹೇಳಿರಬೇಕು ಎಂದರು ಅವರು. 1981ರಲ್ಲಿ ಎಲ್ಡ್ರಿಜ್ ಮತ್ತು ಸಂಗಡಿಗರು ಬೆಕ್ಕಿನ ಮೆದುಳಿನ ಆಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗವನ್ನು ಪ್ರಚೋದಿಸಿದರು. ಸ್ನಾಯುಗಳು ಅಲುಗಾಡದಂತೆ ಮಾಡಿದ್ದರೂ ಉಸಿರಿನ ನರಗಳ ಚಟುವಟಿಕೆ ಏರಿತು. ಕೋಟೆಯ ಮೊದಲ ಮೆಟ್ಟಿಲಿಗೆ ಕಾಲಿಡುವಾಗ ನಮ್ಮ ಎದೆಯಲ್ಲಿ ಆಗುವುದೂ ಇದೇ.

ಎರಡು ದಾರಿ ಬೇರೆ ಬೇರೆ ಎನ್ನುವುದಕ್ಕೆ ಗಟ್ಟಿ ಪುರಾವೆ ಕೊಟ್ಟವರು ರೋಗಿಗಳು. 1962ರಲ್ಲಿ ಸೆವೆರಿಂಗ್‌ಹಾಸ್ ಮತ್ತು ಮಿಚೆಲ್ ಮೂವರು ರೋಗಿಗಳ ಬಗ್ಗೆ ಬರೆದರು. ಕುತ್ತಿಗೆಯ ಮೇಲ್ಭಾಗ, ಮೆದುಳುಕಾಂಡದ ಶಸ್ತ್ರಚಿಕಿತ್ಸೆಯ ನಂತರ ಅವರು ಎಚ್ಚರವಿದ್ದಾಗ ಉಸಿರಾಡು ಎಂದರೆ ಆಡುತ್ತಿದ್ದರು. ನಿದ್ದೆ ಹತ್ತಿದರೆ ಉಸಿರು ನಿಲ್ಲುತ್ತಿತ್ತು. ಇದಕ್ಕೆ ತಿರುಗುಮುರುಗಾದ ರೋಗಿಗಳೂ ಇದ್ದಾರೆ. ಪಾರ್ಶ್ವವಾಯು ಹೊಡೆದು ಮೆದುಳುಕಾಂಡದ ಮುಂಭಾಗ ಹಾಳಾದವರಲ್ಲಿ ಕೆಲವರು 'ಉಸಿರು ಎಳೆದುಕೋ' ಎಂದರೆ ಎಳೆದುಕೊಳ್ಳಲಾರರು. ಆದರೆ ಉಸಿರು ತಾನಾಗಿ ನಡೆಯುತ್ತದೆ, ನಗು ಬಂದರೆ ಅದರ ಲಯವೂ ಬದಲಾಗುತ್ತದೆ. ಅಂದರೆ ಭಾವನೆಗೆ ಮೂರನೆಯದೊಂದು ದಾರಿ ಇದೆ.

ಆ ಮೂರನೆಯ ದಾರಿಯಲ್ಲಿ ಇರುವುದು ಅಮಿಗ್ಡಲ, ಭಯಕ್ಕೆ ಹೆಸರಾದ ಭಾಗ. 2015ರಲ್ಲಿ ಅಮೆರಿಕದ ಅಯೋವಾದಲ್ಲಿ ಮೂರ್ಛೆ ರೋಗಿಗಳ ಮೆದುಳಿಗೆ ಚಿಕಿತ್ಸೆಗೆಂದು ಇಟ್ಟಿದ್ದ ತಂತಿಗಳ ಮೂಲಕ ಅಮಿಗ್ಡಲವನ್ನು ಪ್ರಚೋದಿಸಿದಾಗ ಉಸಿರು ನಿಂತಿತು. ಆಶ್ಚರ್ಯವೆಂದರೆ, ನಿಂತದ್ದು ರೋಗಿಗಳಿಗೇ ಗೊತ್ತಾಗಲಿಲ್ಲ. ಫಿಟ್ಸ್ ಅಮಿಗ್ಡಲಕ್ಕೆ ಹಬ್ಬಿದಾಗಲೂ ಹಾಗೇ ಆಯಿತು. ಮೂರ್ಛೆ ರೋಗ ಇರುವ ಕೆಲವರು ರಾತ್ರಿ ಮಲಗಿದಲ್ಲೇ ದಿಢೀರನೆ ತೀರಿಕೊಳ್ಳುವುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ಸಂಶೋಧಕರು ಭಾವಿಸುತ್ತಾರೆ.

ಮಾತು ಕೆಳಗಿನಿಂದ ಮೇಲಕ್ಕೂ ಹೋಗುತ್ತದೆ. 2017ರಲ್ಲಿ ಯಾಕಲ್ ಮತ್ತು ತಂಡದವರು ಇಲಿಗಳಲ್ಲಿ ಪ್ರೀ-ಬಾಟ್ಜಿಂಗರ್‌ನ ಒಂದು ಸಣ್ಣ ಗುಂಪಿನ ನರಕೋಶಗಳನ್ನು ನಾಶ ಮಾಡಿದರು. ಉಸಿರು ಕೆಡಲಿಲ್ಲ, ಇಲಿಗಳು ಮಾತ್ರ ವಿಪರೀತ ಶಾಂತವಾದವು. ಪ್ರಾಣಾಯಾಮದವರು ಖುಷಿಪಡಬಹುದು. ಆದರೆ ಅದು ಇಲಿಯ ಪ್ರಯೋಗ ಎನ್ನುವುದು ನೆನಪಿರಲಿ.

ನಮ್ಮ ಕಡೆ, ಜಗಳೂರು, ಹೊಳಲ್ಕೆರೆಯ ಹಳ್ಳಿಗಳಿಂದ ಫಿಟ್ಸ್ ಬಂದವರನ್ನು ದಾವಣಗೆರೆಯ ದೊಡ್ಡ ಆಸ್ಪತ್ರೆಗಳಿಗೆ ಕರೆದುಕೊಂಡು ಬರುವವರು ಬಹಳ. ಮನೆಯಲ್ಲಿ ಮೊದಲು ಮಾಡುವುದು ಕೈಗೆ ಕೀಲಿಕೈ ಗೊಂಚಲು ಕೊಡುವುದು. ಅದರಿಂದ ಏನೂ ಆಗುವುದಿಲ್ಲ. ಬಾಯಿಗೆ ಏನನ್ನೂ ತುರುಕಬೇಡಿ. ನಡುಕ ನಿಂತ ಕೂಡಲೇ ಮಗ್ಗುಲಿಗೆ ಮಲಗಿಸಿ, ಎದೆ ಏರಿಳಿಯುತ್ತಿದೆಯೇ ನೋಡುತ್ತಾ ಪಕ್ಕದಲ್ಲೇ ಇರಿ. 5 ನಿಮಿಷ ಕಳೆದರೂ ಫಿಟ್ಸ್ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.